ಸಾವಿರ ಕೈಗಳ ಕಟ್ಟುಪಾಡು

ಡೆಬಿಯನ್ 12 ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡ ಕಂಪ್ಯೂಟರಿನಲ್ಲಿ ಪೈಥಾನಿನ ಲೈಬ್ರರಿಯೊಂದು ಬೇಕೆಂದು ನೇರವಾಗಿ ‘ಪಿಪ್ ಇನ್‌ಸ್ಟಾಲ್’ ಎಂದು ಕೊಟ್ಟರೆ ಅದು ಒಪ್ಪುವುದಿಲ್ಲ. ಈ ಜಾಗವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ, ಇಲ್ಲಿ ಕೈಹಾಕಬೇಡಿ ಎಂಬರ್ಥದ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ. ಡೆಬಿಯನ್ನಿಗೆ ಒಂದು ಪಾಲಿಸಿ ಇದೆ, ಅದನ್ನು ಬರೆಯುವವರೂ ಕಾಯುವವರೂ ಇದ್ದಾರೆ ಎನ್ನುವುದು ಎಷ್ಟೋ ಹೊಸ ಪ್ರೋಗ್ರಾಮರುಗಳಿಗೆ ತಿಳಿಯುವುದೇ ಇಂಥ ತಡೆಯೊಂದು ಎದುರಾದಾಗ.

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಯುವತಿಗೂ, ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ನಿವೃತ್ತರಾದ ಹಿರಿಯರಿಗೂ ನಡೆದ ಮಾತು ಶುರುವಾದದ್ದು ಇಲ್ಲಿಂದ. ಆಕೆ ದಿನವೂ ಕಂಟೇನರುಗಳಲ್ಲಿ ಸಾಫ್ಟ್‌ವೇರ್ ತುಂಬಿ ಸರ್ವರುಗಳಿಗೆ ಕಳಿಸುವವಳು. ಅವರು ಡೆಬಿಯನ್ನಿನ ಕೆಲವು ಸಣ್ಣ ಪ್ಯಾಕೇಜುಗಳನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರು. ಇಬ್ಬರಿಗೂ ಮುಕ್ತ ತಂತ್ರಾಂಶದ ಮೇಲೆ ಪ್ರೀತಿ ಇದೆ. ಜಗಳ ಇರುವುದು ಅದನ್ನು ಜನರ ಕೈಗೆ ತಲುಪಿಸುವ ಬಗೆಯಲ್ಲಿ.

ಯುವತಿ: ಕಂಪ್ಯೂಟರು ನನ್ನದು ಸರ್. ದುಡ್ಡು ಕೊಟ್ಟು ತಂದಿದ್ದು ನಾನು. ಅದರಲ್ಲಿ ಏನು ಹಾಕ್ಕೋಬೇಕು ಅಂತ ಹೇಳೋಕೆ ಡೆಬಿಯನ್ ಯಾರು?

ಹಿರಿಯರು: ಹಾಕ್ಕೋಬೇಡ ಅಂತ ಯಾರೂ ಹೇಳಿಲ್ಲ ಕಣಮ್ಮ. ನಿನ್ನದೇ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡ್ಕೊಂಡು ಅದರೊಳಗೆ ಹಾಕು ಅಂತಾರೆ. ಆಗಲ್ಲ, ಇಲ್ಲೇ ಹಾಕ್ತೀನಿ ಅಂದರೂ ದಾರಿ ಇದೆ. ಆ ಆಯ್ಕೆಯ ಹೆಸರೇ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’. ಕೆಡಿಸ್ಕೋತೀನಿ ಅಂತ ಗೊತ್ತಿದ್ದೇ ಒತ್ತಬೇಕು, ಅಷ್ಟೇ.

ಯುವತಿ: ಅಷ್ಟು ಹೆದರಿಸೋದು ಯಾಕೆ?

ಹಿರಿಯರು: ಸಿಸ್ಟಮ್ಮಿನ ಎಷ್ಟೋ ಸಲಕರಣೆ ಪೈಥಾನಿನಲ್ಲೇ ಬರೆದಿದ್ದು. ರಿಪೋರ್ಟ್‌ಬಗ್ ಇದೆ, ಅಪ್‌ಗ್ರೇಡ್ ಮಾಡೋವಾಗ ಏನೇನು ಬದಲಾಯ್ತು ಅಂತ ತೋರಿಸೋ ಆಪ್ಟ್-ಲಿಸ್ಟ್‌ಚೇಂಜಸ್ ಇದೆ. ನೀನು ರೂಟ್ ಆಗಿ ಪಿಪ್ ಓಡಿಸಿದೆ, ಯಾವುದೋ ಲೈಬ್ರರಿಯ ಹೊಸ ಆವೃತ್ತಿ ಬಂತು, ಅವುಗಳಲ್ಲಿ ಒಂದು ಕೆಟ್ಟಿತು. ಪಿಪ್ ಮಾಡಿದ್ದು ಡೆಬಿಯನ್ ಪ್ಯಾಕೇಜು ಹಾಕೋ ಆಪ್ಟ್‌ಗೆ ಗೊತ್ತಿಲ್ಲ, ಆಪ್ಟ್ ಮಾಡಿದ್ದು ಪಿಪ್‌ಗೆ ಗೊತ್ತಿಲ್ಲ. ಕೆಟ್ಟ ಮೇಲೆ ಬಗ್ ಬರೋದು ಮಾತ್ರ ನಮ್ಮ ಹೆಸರಿಗೆ. ಇನ್ನೊಂದು ವಿಷಯ, ಈ ತಡೆ ಡೆಬಿಯನ್ನಿನ ಸ್ವಂತ ಕಲ್ಪನೆಯೂ ಅಲ್ಲ. ಪೈಥಾನ್ ಸಮುದಾಯವೇ ಒಪ್ಪಿದ ಪೆಪ್ 668 ಅನ್ನೋ ಮಾನದಂಡ.

ಆಕೆ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಅವಳ ತಕರಾರು ಒಂದು ಎಚ್ಚರಿಕೆಯ ಮಟ್ಟಿಗೆ ನಿಲ್ಲುವಂಥದ್ದಾಗಿರಲಿಲ್ಲ. ಒಂದು ಸಮುದಾಯ ತನ್ನ ಮೇಲೆ ತಾನೇ ಇಷ್ಟು ನಿಯಮ ಹೇರಿಕೊಂಡು, ಅವನ್ನು ಮೂರು ದಶಕ ಹೊತ್ತು ನಡೆಯುವುದರಲ್ಲಿ ಲಾಭ ಎಷ್ಟು, ಭಾರ ಎಷ್ಟು ಎನ್ನುವುದು ಅವಳ ಪ್ರಶ್ನೆ.

ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದ್ದು 1993ರ ಆಗಸ್ಟ್‌ನಲ್ಲಿ. ಇಯಾನ್ ಜಾಕ್ಸನ್ ಪಾಲಿಸಿ ಕೈಪಿಡಿಯನ್ನು ರೂಪಿಸಿದ್ದು 1996ರಲ್ಲಿ. ಮರುವರ್ಷ ಬ್ರೂಸ್ ಪೆರೆನ್ಸ್ ನೇತೃತ್ವದಲ್ಲಿ ಸಾಮಾಜಿಕ ಒಪ್ಪಂದವೂ ಮುಕ್ತ ತಂತ್ರಾಂಶದ ಮಾರ್ಗಸೂಚಿಯೂ ಬಂದವು. 1998ರಲ್ಲಿ ‘ಓಪನ್ ಸೋರ್ಸ್’ಗೆ ಕೊಟ್ಟ ವ್ಯಾಖ್ಯೆ ಹುಟ್ಟಿದ್ದು ಇದೇ ಮಾರ್ಗಸೂಚಿಯಿಂದ. ಇಂದು ಡೆಬಿಯನ್ನಿನಲ್ಲಿ 69,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅವನ್ನು ನೋಡಿಕೊಳ್ಳುವವರಲ್ಲಿ ಅಧಿಕೃತ ಡೆವಲಪರುಗಳು ಸುಮಾರು ಸಾವಿರ ಜನ, ಬಹುಪಾಲು ಸ್ವಯಂಸೇವಕರು, ಹಲವು ದೇಶಗಳಲ್ಲಿ ಚದುರಿದವರು.

ಹಿರಿಯರು: ಪಾಲಿಸಿಯಲ್ಲಿ ಮೂರು ದರ್ಜೆಯ ಮಾತುಗಳಿವೆ. ‘ಮಸ್ಟ್’ ಅಂದರೆ ಮಾಡಲೇಬೇಕು. ಮುರಿದರೆ ಅದು ಗಂಭೀರ ಬಗ್, ಸರಿಪಡಿಸದ ಪ್ಯಾಕೇಜು ಮುಂದಿನ ಬಿಡುಗಡೆಯಿಂದ ಹೊರಗೆ. ‘ಶುಡ್’ ಅಂದರೆ ಮಾಡಬೇಕು, ತಪ್ಪಿದರೆ ಬಗ್ ಹೌದು, ಆದರೆ ಹೊರಗೆ ಹಾಕೋದಿಲ್ಲ. ‘ಮೇ’ ಅಂದರೆ ನಿಮ್ಮಿಷ್ಟ. ಇದರಲ್ಲಿ ಹೆದರೋದಕ್ಕೆ ಏನಿದೆ? ಒಂದು ಉದಾಹರಣೆ ತಗೋ. ಇಟಿಸಿ ಫೋಲ್ಡರಿನಲ್ಲಿರೋ ಸೆಟ್ಟಿಂಗ್ ಫೈಲನ್ನ ನೀನು ತಿದ್ದಿದ್ದರೆ, ಅಪ್‌ಗ್ರೇಡ್ ಅದನ್ನ ಅಳಿಸಕೂಡದು. ಇದು ‘ಮಸ್ಟ್’.

ಯುವತಿ: ಅದು ಗೊತ್ತು ಸರ್. ಅಪ್‌ಗ್ರೇಡ್ ಮಧ್ಯದಲ್ಲಿ ನಿಂತು ಕೇಳುತ್ತೆ: ನಿಮ್ಮ ಫೈಲು ಇಟ್ಕೋಬೇಕಾ, ಪ್ಯಾಕೇಜಿನವರದು ಹಾಕಬೇಕಾ, ಎರಡಕ್ಕೂ ಇರೋ ವ್ಯತ್ಯಾಸ ತೋರಿಸಬೇಕಾ ಅಂತ.

ಹಿರಿಯರು: ಏನೂ ಯೋಚಿಸದೆ ಎಂಟರ್ ಒತ್ತಿದೆ ಅಂದ್ಕೋ. ಯಾವುದು ಉಳಿಯುತ್ತೆ?

ಯುವತಿ: ನನ್ನದು.

ಹಿರಿಯರು: ಅದನ್ನೇ ಹೇಳೋದು. ನಮ್ಮ ಲ್ಯಾಬಿನ ಮೇಲ್ ಸರ್ವರನ್ನ ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಅಪ್‌ಗ್ರೇಡ್ ಮಾಡ್ತಾ ಹೋದ್ವೇ ಹೊರತು ಒಮ್ಮೆಯೂ ಅಳಿಸಿ ಹೊಸದಾಗಿ ಹಾಕಲಿಲ್ಲ. ನನ್ನ ಮುಖ ನೋಡಿರದ ಸಾವಿರ ಜನ ಆ ಒಂದು ನಿಯಮಕ್ಕೆ ಕಟ್ಟುಬಿದ್ದಿದ್ದರಿಂದ ಅದು ಸಾಧ್ಯವಾಯ್ತು.

ಯುವತಿ: ಈ ನಿಯಮ ಒಳ್ಳೇದು, ಒಪ್ಪಿದೆ. ಆದರೆ ಒಳ್ಳೇ ನಿಯಮದ ಪಕ್ಕದಲ್ಲೇ ಕಾಲ ಮುಗಿದ ನಿಯಮವೂ ಕೂತಿರುತ್ತಲ್ಲ? ‘ನೋಡ್’ ಕಥೆ ನೆನಪಿದೆಯಾ?

ಹಿರಿಯರು ನಕ್ಕರು. ಡೆಬಿಯನ್ ಬಲ್ಲವರ ನಡುವೆ ಆ ಕಥೆ ಎತ್ತಿದರೆ ಮಾತು ಉದ್ದವಾಗುವುದು ಖಂಡಿತ. ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಪ್ಯಾಕೆಟ್ ರೇಡಿಯೋ ಜಾಲ ನಡೆಸಲು ಬಳಸುವ ಪುಟ್ಟ ಪ್ರೋಗ್ರಾಮೊಂದಿತ್ತು. ಅದರ ಹೆಸರು ‘ನೋಡ್’. ಡೆಬಿಯನ್ನಿನಲ್ಲಿ ಅದು ಬಹಳ ಹಿಂದಿನಿಂದ ಇತ್ತು. 2009ರಲ್ಲಿ ನೋಡ್.ಜೆಎಸ್ ಹುಟ್ಟಿತು. ಅದರ ಆಜ್ಞೆಯ ಹೆಸರೂ ‘ನೋಡ್’. ಪಾಲಿಸಿಯ ಮಾತು ಸ್ಪಷ್ಟವಾಗಿತ್ತು: ಬೇರೆ ಬೇರೆ ಕೆಲಸ ಮಾಡುವ ಎರಡು ಪ್ರೋಗ್ರಾಮುಗಳು ಒಂದೇ ಹೆಸರಿನಲ್ಲಿ ಇರಕೂಡದು. ಯಾರು ಹೆಸರು ಬದಲಿಸಬೇಕೆಂದು ಎರಡು ಕಡೆಯವರೂ ಮಾತಾಡಿ ತೀರ್ಮಾನಿಸಬೇಕು. ಒಪ್ಪಂದ ಆಗದಿದ್ದರೆ ಎರಡೂ ಹೆಸರು ಬದಲಾಗಬೇಕು.

ಒಪ್ಪಂದ ಆಗಲಿಲ್ಲ. 2012ರಲ್ಲಿ ತಾಂತ್ರಿಕ ಸಮಿತಿ ಆ ನಿಯಮದಂತೆಯೇ ನಡೆಯಿತು. ಡೆಬಿಯನ್ನಿನಲ್ಲಿ ನೋಡ್.ಜೆಎಸ್‌ನ ಆಜ್ಞೆ ‘ನೋಡ್‌ಜೆಎಸ್’ ಆಯಿತು. ಹಳೆಯ ಹೆಸರೇ ಬೇಕೆನ್ನುವವರು ‘ನೋಡ್‌ಜೆಎಸ್-ಲೆಗಸಿ’ ಎಂಬ ಇನ್ನೊಂದು ಪ್ಯಾಕೇಜು ಹಾಕಿಕೊಳ್ಳಬೇಕಾಯಿತು.

ಯುವತಿ: ಜಗತ್ತಿನ ಪ್ರತಿಯೊಂದು ಪಾಠದಲ್ಲೂ ‘ನೋಡ್’ ಅಂತ ಬರೆದಿದೆ. ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲೂ ‘ನೋಡ್’. ಕಲಿಯೋಕೆ ಕೂತ ಹುಡುಗ ಡೆಬಿಯನ್ನಿನಲ್ಲೋ ಉಬುಂಟುವಿನಲ್ಲೋ ಅದನ್ನ ಟೈಪ್ ಮಾಡಿದರೆ ಆಜ್ಞೆ ಸಿಗಲಿಲ್ಲ ಅನ್ನುತ್ತೆ. ಸಮಿತಿ ಆ ತೀರ್ಮಾನ ರದ್ದು ಮಾಡಿದ್ದು 2017ರಲ್ಲಿ. ಐದು ವರ್ಷ ಸರ್! ಬೆರಳೆಣಿಕೆಯ ರೇಡಿಯೋ ಬಳಕೆದಾರರಿಗಾಗಿ ಲಕ್ಷಾಂತರ ಜನ ಎಡವಿದರು.

ಹಿರಿಯರು: ಆ ಬೆರಳೆಣಿಕೆಯವರ ಕಡೆಯಿಂದಲೂ ನೋಡು. ಆ ಯಂತ್ರಗಳು ಎಲ್ಲೋ ಬೆಟ್ಟದ ಮೇಲೆ, ಯಾರೂ ಇಲ್ಲದ ಕಡೆ ಓಡ್ತಿರಬಹುದು. ಅಪ್‌ಗ್ರೇಡ್ ಆದ ರಾತ್ರಿ ‘ನೋಡ್’ ಅಂತ ಕರೆದರೆ ರೇಡಿಯೋ ಬದಲು ಜಾವಾಸ್ಕ್ರಿಪ್ಟ್ ಏಳುತ್ತೆ. ಹೆಚ್ಚು ಜನ ಬಳಸೋದೇ ಗೆಲ್ಲಬೇಕು ಅಂತ ನಿಯಮ ಬರೆದರೆ, ಮೊದಲು ಬಂದ ಸಣ್ಣ ಪ್ರೋಗ್ರಾಮಿಗೆ ಯಾವತ್ತೂ ನ್ಯಾಯ ಸಿಗಲ್ಲ. ‘ಎರಡೂ ಬದಲಾಗಲಿ’ ಅನ್ನೋದು ಕಠಿಣ ಕಾಣುತ್ತೆ. ಆದರೆ ಇಬ್ಬರನ್ನೂ ಮಾತಿಗೆ ಕೂರಿಸೋದಕ್ಕೆ ಇಟ್ಟಿರೋ ಒತ್ತಡ ಅದು.

ಯುವತಿ: ಒತ್ತಡ ಕೆಲಸ ಮಾಡಲಿಲ್ಲವಲ್ಲ.

ಹಿರಿಯರು: ಮಾಡಲಿಲ್ಲ. ನಿಯಮ ಬರೆದಾಗ, ಬಂದ ಕೆಲವೇ ವರ್ಷದಲ್ಲಿ ಇಷ್ಟು ದೊಡ್ಡದಾಗೋ ಪ್ರೋಗ್ರಾಮನ್ನ ಯಾರೂ ಊಹಿಸಿರಲಿಲ್ಲ. ಐದು ವರ್ಷ ಹೆಚ್ಚಾಯ್ತು, ಅದನ್ನ ಒಪ್ತೀನಿ. ಆದರೆ ಅದೇ ಸಮಿತಿ ತನ್ನ ತೀರ್ಪನ್ನ ತಾನೇ ಹಿಂದಕ್ಕೆ ತಗೊಂಡಿತು, ಕಾರಣ ಬರೆದಿಟ್ಟಿತು. ಅದನ್ನೂ ಲೆಕ್ಕಕ್ಕೆ ಇಟ್ಕೋ.

ಇಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ. ನಿಯಮವನ್ನು ಹೊಸದಾಗಿ ಬರೆಯುವುದು ಅಷ್ಟು ಕಷ್ಟವಲ್ಲ. ಬರೆದ ನಿಯಮದ ಕಾಲ ಮುಗಿಯಿತೇ ಎಂದು ನೋಡುತ್ತಾ ಇರುವುದಕ್ಕೆ ಯಾರಾದರೂ ಬೇಕು, ಆ ಕೆಲಸಕ್ಕೆ ಹೊಗಳಿಕೆಯೂ ಇಲ್ಲ, ಸಂಬಳವೂ ಇಲ್ಲ.

ಮಾತು ಲೈಬ್ರರಿಗಳ ಪ್ರತಿಗಳ ಕಡೆ ಹೊರಳಿತು. ಒಂದು ಪ್ರೋಗ್ರಾಮು ತನಗೆ ಬೇಕಾದ ಲೈಬ್ರರಿಯ ಪ್ರತಿಯನ್ನು ತನ್ನ ಹೊಟ್ಟೆಯಲ್ಲೇ ತುಂಬಿಕೊಂಡು ಬರಬಾರದು, ಸಿಸ್ಟಮ್ಮಿನಲ್ಲಿ ಇರುವ ಒಂದೇ ಪ್ರತಿಯನ್ನು ಬಳಸಬೇಕು ಎನ್ನುವುದು ಪಾಲಿಸಿ. ಆಕೆಯ ದಿನನಿತ್ಯದ ಕೆಲಸಕ್ಕೆ ಇದು ನೇರ ಎದುರು.

ಹಿರಿಯರು: 2002ರಲ್ಲಿ ಜೆಡ್‌ಲಿಬ್‌ನಲ್ಲಿ ಒಂದು ಭದ್ರತಾ ದೋಷ ಸಿಕ್ಕಿತು. ಡೇಟಾ ಕುಗ್ಗಿಸೋ ಲೈಬ್ರರಿ ಅದು, ಎಲ್ಲಾ ಕಡೆ ಇರೋದು. ಸಿಸ್ಟಮ್ಮಿನ ಲೈಬ್ರರಿ ಬಳಸ್ತಿದ್ದ ಪ್ರೋಗ್ರಾಮುಗಳಿಗೆಲ್ಲ ಒಂದೇ ಅಪ್‌ಡೇಟ್‌ನಲ್ಲಿ ಕೆಲಸ ಮುಗೀತು. ತಮ್ಮದೇ ಪ್ರತಿ ಇಟ್ಕೊಂಡಿದ್ದವನ್ನ ಒಂದೊಂದಾಗಿ ಹುಡುಕಿ, ತಿದ್ದಿ, ಮತ್ತೆ ಕಟ್ಟಬೇಕಾಯ್ತು. ಅಂಥ ಹುಡುಕಾಟ ಕಂಡವರು ಬಿಡಿಸಿ ಹೇಳೋ ನಿಯಮ ಇದು.

ಯುವತಿ: ಆಗ ಒಂದು ಪ್ರೋಗ್ರಾಮಿಗೆ ಹತ್ತು ಲೈಬ್ರರಿ. ಈಗ ಗೋ, ರಸ್ಟ್, ಜಾವಾಸ್ಕ್ರಿಪ್ಟಿನಲ್ಲಿ ನೂರಾರು. ಒಂದೊಂದನ್ನೂ ಬೇರೆ ಪ್ಯಾಕೇಜು ಮಾಡ್ತಾ ಕೂತರೆ ಮುಗಿಯೋದು ಯಾವಾಗ? ಫೆಡೋರಾದಲ್ಲೂ ಇದೇ ನಿಷೇಧ ಇತ್ತು, 2015ರಲ್ಲಿ ಸಡಿಲ ಮಾಡಿದರು. ಒಳಗೆ ಏನು ತುಂಬಿದ್ದೀರಿ ಅಂತ ಘೋಷಿಸಿ, ಸಾಕು ಅಂದರು. ನಿಮ್ಮ ತಾಂತ್ರಿಕ ಸಮಿತಿಯ ಮುಂದೆ ಕುಬರ್ನೆಟಿಸ್ ವಿಷಯ ಬಂದಾಗಲೂ, ಒಳಗೇ ತುಂಬಿಕೊಂಡ ಲೈಬ್ರರಿಗಳನ್ನ ತೆಗೀಲೇಬೇಕು ಅಂತ ಅವರು ಹೇಳಲಿಲ್ಲ. ಪ್ಯಾಕೇಜು ನೋಡಿಕೊಳ್ಳೋವರ ತೀರ್ಮಾನಕ್ಕೇ ಬಿಟ್ಟರು.

ಹಿರಿಯರು: ಹೌದು, ಆ ತೀರ್ಮಾನ ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ. ನಿನ್ನ ಕಂಟೇನರಿನಲ್ಲಿ ನಾಳೆ ಒಂದು ಲೈಬ್ರರಿ ತೂತು ಬಿದ್ದರೆ ನಿಮ್ಮ ಕಂಪನಿ ರಾತ್ರೋರಾತ್ರಿ ಮತ್ತೆ ಕಟ್ಟುತ್ತೆ, ಅದಕ್ಕೆ ಸಂಬಳದ ಜನ ಇದ್ದಾರೆ. ಇಲ್ಲಿ ಭದ್ರತಾ ತಂಡದಲ್ಲಿರೋದು ಕೆಲವೇ ಜನ. ಯಾವ ಪ್ಯಾಕೇಜಿನ ಒಳಗೆ ಯಾವ ಹಳೇ ಪ್ರತಿ ಕೂತಿದೆ ಅಂತ ಅವರು ಎಲ್ಲಿ ಹುಡುಕಲಿ? ಕನ್ನಡದ್ದೇ ಹೇಳ್ತೀನಿ. ಗುಬ್ಬಿ, ನವಿಲು ಫಾಂಟು ಗೊತ್ತಲ್ಲ?

ಯುವತಿ: ಗೊತ್ತು, ನನ್ನ ಲ್ಯಾಪ್‌ಟಾಪಿನಲ್ಲೇ ಇವೆ.

ಹಿರಿಯರು: ಗುಬ್ಬಿಗೆ ‘ಫಾಂಟ್ಸ್-ಗುಬ್ಬಿ’, ನವಿಲಿಗೆ ‘ಫಾಂಟ್ಸ್-ನವಿಲು’ ಅಂತ ಬೇರೆ ಬೇರೆ ಪ್ಯಾಕೇಜು. ‘ಫಾಂಟ್ಸ್-ಕೆಎನ್‌ಡಿಎ’ ಅಂತ ಕೊಟ್ಟರೆ ಕನ್ನಡದ ಫಾಂಟುಗಳೆಲ್ಲ ಒಟ್ಟಿಗೆ ಬರುತ್ವೆ. ಮೊದಲು ಈ ಪ್ಯಾಕೇಜುಗಳ ಹೆಸರು ‘ಟಿಟಿಎಫ್’ ಅಂತ ಶುರುವಾಗ್ತಿತ್ತು. ಫಾಂಟೆಲ್ಲ ಟ್ರೂಟೈಪೇ ಆಗಿರಬೇಕಿಲ್ಲವಲ್ಲ, ಅದಕ್ಕೆ ಎಲ್ಲ ಭಾಷೆಯವರೂ ‘ಫಾಂಟ್ಸ್’ ಅಂತಲೇ ಶುರು ಮಾಡೋಣ ಅಂತಾಯ್ತು. ಹಳೇ ಹೆಸರಲ್ಲಿ ಹಾಕಿಕೊಂಡವರ ಕಂಪ್ಯೂಟರಿನಲ್ಲಿ ಕನ್ನಡ ಮಾಯ ಆಗಬಾರದು ನೋಡು. ಅದಕ್ಕೇ ಹಳೇ ಹೆಸರಿನ ಖಾಲಿ ಪ್ಯಾಕೇಜೊಂದನ್ನ ಇಟ್ಟು, ಅದು ಹೊಸದನ್ನ ಎಳೆದುಕೊಂಡು ಬರೋ ಹಾಗೆ ಮಾಡಿದರು. ಬಳಕೆದಾರರಿಗೆ ಏನೂ ಗೊತ್ತೇ ಆಗಲಿಲ್ಲ.

ಯುವತಿ: ಸರಿ, ಪ್ರತಿಗಳ ವಿಷಯಕ್ಕೂ ಇದಕ್ಕೂ ಏನು ಸಂಬಂಧ?

ಹಿರಿಯರು: ಬರ್ತೀನಿ ಇರು. ಒಂದು ಆಟವೋ, ಪಾಠ ಹೇಳೋ ಪ್ರೋಗ್ರಾಮೋ ತನ್ನೊಳಗೆ ಫಾಂಟಿನ ಒಂದು ಪ್ರತಿ ತುಂಬಿಕೊಂಡು ಬರುತ್ತೆ. ಮೂಲ ಫಾಂಟಿನಲ್ಲಿ ಒತ್ತಕ್ಷರ ಕೂರೋ ರೀತಿಯನ್ನ ಯಾರೋ ಪುಣ್ಯಾತ್ಮರು ತಿದ್ದುತ್ತಾರೆ. ಸಿಸ್ಟಮ್ಮಿನ ಫಾಂಟಿಗೆ ಆ ತಿದ್ದುಪಡಿ ಬರುತ್ತೆ, ಈ ಪ್ರತಿಗೆ ಬರಲ್ಲ. ಲಿಂಟಿಯನ್ ಅಂತ ಒಂದು ಸಲಕರಣೆ ಇದೆ, ಪಾಲಿಸಿ ತಪ್ಪಿದ್ದನ್ನ ತಾನಾಗೇ ಹಿಡಿಯೋದು. ಇನ್ನೊಂದು ಪ್ಯಾಕೇಜಿನ ಫಾಂಟು ಇಲ್ಲಿ ಮತ್ತೆ ಬಂದಿದೆ ಅಂತ ಅದು ತೋರಿಸುತ್ತೆ. ನಾವು ಆ ಪ್ರತಿ ಕಿತ್ತು ಸಿಸ್ಟಮ್ಮಿನ ಫಾಂಟಿಗೆ ಜೋಡಿಸ್ತೀವಿ. ಇಂಗ್ಲಿಷ್ ಓದೋರಿಗೆ ಇದು ದೊಡ್ಡ ವಿಷಯ ಅಲ್ಲ. ನಮ್ಮ ಲಿಪಿಗೆ ದೊಡ್ಡದು.

ಆಕೆ ಈ ಮಾತಿಗೆ ಎದುರಾಡಲಿಲ್ಲ. ಆದರೆ ಮೂಲ ಲೇಖಕರು ಕಟ್ಟಿ ಕೊಟ್ಟದ್ದನ್ನು ಹೀಗೆ ಬಿಚ್ಚಿ, ಕಿತ್ತು, ಜೋಡಿಸುವ ಅಭ್ಯಾಸ ಎಲ್ಲಿಗೆ ಕೊಂಡೊಯ್ಯಬಹುದು ಎನ್ನುವುದಕ್ಕೆ ಅವಳ ಬಳಿ ಡೆಬಿಯನ್ ಚರಿತ್ರೆಯ ಅತ್ಯಂತ ನೋವಿನ ಉದಾಹರಣೆ ಇತ್ತು.

ಯುವತಿ: 2008, ಓಪನ್‌ಎಸ್‌ಎಸ್‌ಎಲ್.

2006ರಲ್ಲಿ ಡೆಬಿಯನ್ ಪ್ಯಾಕೇಜಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಒಂದೆರಡು ಸಾಲುಗಳನ್ನು ತೆಗೆದುಹಾಕಲಾಯಿತು. ಮೆಮೊರಿ ಪರೀಕ್ಷಿಸುವ ವಾಲ್‌ಗ್ರೈಂಡ್ ಎಂಬ ಸಲಕರಣೆ ಆ ಸಾಲುಗಳ ಬಗ್ಗೆ ದೂರು ಹೇಳುತ್ತಿತ್ತು. ಮೂಲ ತಂಡವನ್ನೂ ಕೇಳಲಾಗಿತ್ತು, ಬೇಡವೆಂದು ಯಾರೂ ತಡೆಯಲಿಲ್ಲ. ಆದರೆ ಗುಪ್ತ ಕೀಲಿ ತಯಾರಿಸುವಾಗ ಯಾದೃಚ್ಛಿಕತೆಯನ್ನು ಬೆರೆಸುತ್ತಿದ್ದದ್ದೇ ಆ ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರಾಸೆಸ್ಸಿನ ಸಂಖ್ಯೆ ಮಾತ್ರ, ಅದಕ್ಕೆ 32,768 ಸಾಧ್ಯತೆಗಳು ಅಷ್ಟೇ. ಯಾರು ಬೇಕಾದರೂ ಎಲ್ಲ ಕೀಲಿಗಳನ್ನೂ ಮೊದಲೇ ಲೆಕ್ಕಹಾಕಿ ಪಟ್ಟಿ ಮಾಡಿಟ್ಟುಕೊಳ್ಳಬಹುದಿತ್ತು. 2008ರ ಮೇ 13ರಂದು ದೋಷ ಬಹಿರಂಗವಾಯಿತು. ಲೂಸಿಯಾನೊ ಬೆಲ್ಲೊ ಅದನ್ನು ಪತ್ತೆಹಚ್ಚಿದ್ದರು. ಡೆಬಿಯನ್ನಿನಲ್ಲೂ ಅದನ್ನು ಆಧರಿಸಿದ ಉಬುಂಟುವಿನಲ್ಲೂ ಆ ನಡುವೆ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಹಿರಿಯರು: ಆ ದಿನ ನಾನೂ ಲ್ಯಾಬಿನ ಅಷ್ಟೂ ಯಂತ್ರದ ಕೀಲಿ ಬದಲಾಯಿಸಿದೆ. ಅದಕ್ಕೆ ಸಮರ್ಥನೆ ಹೇಳಲಾರೆ. ಪಾಲಿಸಿಯ ಯಾವ ಸಾಲನ್ನೂ ಆ ಬದಲಾವಣೆ ಮುರಿದಿರಲಿಲ್ಲ, ಲಿಂಟಿಯನ್ನೂ ಹಿಡೀತಿರಲಿಲ್ಲ. ತಿದ್ದೋವನಿಗೆ ಆ ಕೋಡು ಅರ್ಥವಾಗಿದೆಯಾ ಅಂತ ಪರೀಕ್ಷೆ ಮಾಡೋ ನಿಯಮ ಬರೆಯೋಕಾಗಲ್ಲ.

ಯುವತಿ: ಹಾಗಾದರೆ ಮೂಲ ಲೇಖಕರು ಕೊಟ್ಟಿದ್ದನ್ನ ಹಾಗೇ ಕೊಡಿ ಅಂತ ಒಂದೇ ನಿಯಮ ಸಾಕಲ್ಲ?

ಹಿರಿಯರು: ಆಗ ಎಕ್ಸ್‌ಜೆಡ್‌ಗೆ ಏನು ಹೇಳ್ತೀಯ? ಅಲ್ಲಿ ವಿಷ ಬೆರೆಸಿದ್ದು ಮೂಲದಲ್ಲೇ.

ಎಕ್ಸ್‌ಜೆಡ್ ಕೂಡ ಡೇಟಾ ಕುಗ್ಗಿಸುವ ಸಾಫ್ಟ್‌ವೇರು. ವರ್ಷಗಟ್ಟಲೆ ನೆರವಿನ ಸೋಗಿನಲ್ಲಿ ನಂಬಿಕೆ ಗಳಿಸಿ ಅದರ ಉಸ್ತುವಾರಿಯಲ್ಲಿ ಪಾಲು ಪಡೆದ ವ್ಯಕ್ತಿಯೊಬ್ಬ, 2024ರ ಆರಂಭದಲ್ಲಿ ಬಂದ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿದ್ದ. ಅದನ್ನು ಎಬ್ಬಿಸುವ ಭಾಗ ಎಲ್ಲರೂ ಓದಬಹುದಾದ ಸೋರ್ಸ್ ಸಂಗ್ರಹದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ಡೆಬಿಯನ್ನಿನ ಅಸ್ಥಿರ ಆವೃತ್ತಿ ಬಳಸುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿದರು, ಕಾರಣದ ಬೆನ್ನು ಹತ್ತಿದರು. ಮಾರ್ಚ್ 29ರಂದು ವಿಷಯ ಹೊರಬಿತ್ತು.

ಹಿರಿಯರು: ನಮ್ಮ ಸ್ಥಿರ ಆವೃತ್ತಿಗೆ, ಅಂದರೆ ಸ್ಟೇಬಲ್‌ಗೆ, ಅದು ತಲುಪಲೇ ಇಲ್ಲ. ಹೊಸದು ಬಂದ ತಕ್ಷಣ ಸ್ಟೇಬಲ್‌ಗೆ ಸೇರಿಸಕೂಡದು ಅಂತ ಇರೋದಕ್ಕೇ ನೀವೆಲ್ಲ ನಮ್ಮನ್ನ ಹಳಬರು ಅನ್ನೋದು. ಆ ಹಳೇತನ ಅವತ್ತು ಸರ್ವರುಗಳನ್ನ ಕಾಪಾಡಿತು.

ಯುವತಿ: ಸ್ಟೇಬಲ್‌ಗೆ ಬರಲಿಲ್ಲ, ನಿಜ. ಟೆಸ್ಟಿಂಗ್‌ಗೆ ಬಂದಿತ್ತು. ಇನ್ನೊಂದು ಮಾತು ನೀವು ಬಿಟ್ಟಿರಿ ಸರ್. ಓಪನ್‌ಎಸ್‌ಎಸ್‌ಎಚ್ ಮೂಲದಲ್ಲಿ ಎಕ್ಸ್‌ಜೆಡ್ ಬಳಸೋದೇ ಇಲ್ಲ. ಸಿಸ್ಟಮ್‌ಡಿಗೆ ‘ನಾನು ಶುರುವಾದೆ’ ಅಂತ ಹೇಳೋದಕ್ಕೋಸ್ಕರ ಡೆಬಿಯನ್, ಫೆಡೋರಾದವರು ತಾವೇ ಒಂದು ತೇಪೆ ಹಾಕಿದ್ದರು. ಆ ತೇಪೆಯಿಂದ ಸಿಸ್ಟಮ್‌ಡಿ ಲೈಬ್ರರಿ ಬಂತು, ಅದರ ಹಿಂದೆ ಎಕ್ಸ್‌ಜೆಡ್ ಬಂತು. ಬಾಗಿಲು ಮಾಡಿಕೊಟ್ಟವರು ಪ್ಯಾಕೇಜು ಕಟ್ಟೋರೇ.

ಹಿರಿಯರು: ಹೌದು. ಆಮೇಲೆ ಆ ಜೋಡಣೆ ಕಿತ್ತುಹಾಕಿದರು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೂಲವನ್ನು ನಂಬಿ ಎಂದೂ ಹೇಳಲಾಗದು, ಪ್ಯಾಕೇಜು ಕಟ್ಟುವವರನ್ನು ನಂಬಿ ಎಂದೂ ಹೇಳಲಾಗದು. ಡೆಬಿಯನ್ ಸಮುದಾಯ ಹಿಡಿದಿರುವ ದಾರಿ ಎಲ್ಲವನ್ನೂ ಬಯಲಿನಲ್ಲಿ ಇಡುವುದು. ಮೂಲಕ್ಕೆ ಹಾಕಿದ ತೇಪೆಗಳನ್ನು ಈಗ ಬಿಡಿಬಿಡಿಯಾಗಿ, ಯಾಕೆ ಹಾಕಿದೆವು ಎಂಬ ವಿವರಣೆಯೊಂದಿಗೆ ಯಾರು ಬೇಕಾದರೂ ಓದುವಂತೆ ಇಡುತ್ತಾರೆ. ಒಂದೇ ಸೋರ್ಸಿನಿಂದ ಯಾರು, ಎಲ್ಲಿ ಕಟ್ಟಿದರೂ ಒಂದೇ ಫೈಲು ಬರಬೇಕೆಂಬ ಪ್ರಯತ್ನ 2013ರಲ್ಲಿ ಶುರುವಾಗಿ, 2017ರಲ್ಲಿ ‘ಶುಡ್’ ದರ್ಜೆಯ ನಿಯಮವಾಗಿ ಪಾಲಿಸಿ ಸೇರಿತು. ಆದರೆ ಎಕ್ಸ್‌ಜೆಡ್‌ನಂತೆ ಸೋರ್ಸಿನ ಕಟ್ಟೇ ಕೆಟ್ಟಿದ್ದರೆ ಅದೂ ಸಾಲದು. ಕೆಟ್ಟದ್ದೇ ಮತ್ತೆ ಮತ್ತೆ ಒಂದೇ ಥರ ಕಟ್ಟಿಕೊಂಡು ಬರುತ್ತದೆ.

ಯುವತಿ: ನಿಯಮ ಬೇಡ ಅಂತ ನಾನೂ ಹೇಳಲ್ಲ ಸರ್. ನಿಮ್ಮ ವೇಗ ನೋಡಿದರೆ ಸಂಕಟ ಆಗುತ್ತೆ. ‘ಬಿನ್’, ‘ಲಿಬ್’ ಫೋಲ್ಡರುಗಳನ್ನ ‘ಯುಎಸ್‌ಆರ್’ ಒಳಗಿನವುಗಳ ಜೊತೆ ಒಂದು ಮಾಡೋ ಕೆಲಸ. ಫೆಡೋರಾ 2012ರಲ್ಲಿ ಒಂದೇ ಬಿಡುಗಡೆಯಲ್ಲಿ ಮುಗಿಸಿತು. ನೀವು ಪೂರ್ತಿ ಮುಗಿಸಿದ್ದು 2025ರ ಟ್ರಿಕ್ಸಿ ಬಿಡುಗಡೆಯಲ್ಲಿ.

ಹಿರಿಯರು: ಅದರಲ್ಲಿ ಒಂದು ಸೂಕ್ಷ್ಮ ಇದೆ, ಕೇಳು. ಪ್ಯಾಕೇಜಿನ ಫೈಲುಗಳನ್ನ ಡಿಸ್ಕಿನಲ್ಲಿ ಇಡೋ ಡಿಪಿಕೆಜಿ ಪ್ರತಿಯೊಂದು ಫೈಲನ್ನೂ ಅದರ ಪೂರ್ತಿ ವಿಳಾಸದಿಂದ ಗುರುತಿಸುತ್ತೆ. ‘ಲಿಬ್’ ಒಳಗಿನ ಫೈಲು ಬೇರೆ, ‘ಯುಎಸ್‌ಆರ್-ಲಿಬ್’ ಒಳಗಿನದು ಬೇರೆ ಅಂತ ಅದರ ಲೆಕ್ಕ. ಮೊದಲನೆಯದನ್ನ ಎರಡನೆಯದಕ್ಕೆ ಲಿಂಕ್ ಮಾಡಿಬಿಟ್ಟರೆ ಡಿಸ್ಕಿನಲ್ಲಿ ಎರಡೂ ಒಂದೇ. ಈಗ ಒಂದು ಫೈಲು ಹಳೇ ಜಾಗದಿಂದ ಹೊಸ ಜಾಗಕ್ಕೂ ಹೋಯ್ತು, ಅದೇ ಸಲ ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೂ ಹೋಯ್ತು ಅಂದ್ಕೋ. ಹೊಸ ಪ್ಯಾಕೇಜು ಫೈಲನ್ನ ಇಡುತ್ತೆ. ಆಮೇಲೆ ಹಳೇ ಪ್ಯಾಕೇಜು ಅಪ್‌ಗ್ರೇಡ್ ಆಗುತ್ತೆ, ‘ನನ್ನ ಹಳೇ ವಿಳಾಸದ ಫೈಲು ಇನ್ನು ಬೇಡ’ ಅಂತ ಅಳಿಸುತ್ತೆ. ಅಳಿದುಹೋಗೋದು ಈಗಷ್ಟೇ ಬಂದ ಫೈಲು. ಎರಡೂ ಪ್ಯಾಕೇಜು ಸರಿಯಾಗಿವೆ ಅಂತ ಸಿಸ್ಟಮ್ ಹೇಳುತ್ತೆ, ಲೈಬ್ರರಿ ಮಾತ್ರ ಇಲ್ಲ! ಮುಂದೆ ಬೂಟ್ ಆಗದೇ ಇರಬಹುದು.

ಯುವತಿ: ಇದು ಗೊತ್ತಿರಲಿಲ್ಲ.

ಹಿರಿಯರು: ಅದಕ್ಕೇ ಮಧ್ಯದಲ್ಲಿ ಒಂದು ಬಿಡುಗಡೆ ಮುಗಿಯೋವರೆಗೂ ಅಂಥ ಫೈಲುಗಳನ್ನ ಯಾರೂ ಸರಿಸಬೇಡಿ ಅಂತ ತಾಂತ್ರಿಕ ಸಮಿತಿ ತಡೆ ಹಾಕಿತ್ತು. ಅದರ ಮೇಲೆ ಭಿನ್ನಾಭಿಪ್ರಾಯ ಬೇರೆ. ಡಿಪಿಕೆಜಿ ನೋಡಿಕೊಳ್ಳೋವರೇ ಈ ದಾರಿ ತಪ್ಪು ಅಂತ ಬಲವಾಗಿ ಹೇಳ್ತಿದ್ದರು. ನಿಮ್ಮ ಕಂಪನಿಯಲ್ಲಾದರೆ ಮ್ಯಾನೇಜರು ಹೇಳಿದರೆ ಮುಗೀತು. ಇಲ್ಲಿ ಯಾರಿಗೆ ಯಾರು ಹೇಳೋದು? ಯೋಜನೆಗಾಗಿ ಕೆಲಸ ಮಾಡಲೇಬೇಕು ಅಂತ ಯಾರ ಮೇಲೂ ಕಡ್ಡಾಯ ಇಲ್ಲ ಅಂತ ಡೆಬಿಯನ್ ಸಂವಿಧಾನದಲ್ಲೇ ಇದೆ. ನಿಯಮ ಬದಲಾದರೆ ಅದನ್ನ ಪ್ಯಾಕೇಜುಗಳಲ್ಲಿ ಜಾರಿ ಮಾಡೋ ಕೈಗಳು ತಾವಾಗೇ ಮುಂದೆ ಬರಬೇಕು. ಅದಕ್ಕೆ ನಮ್ಮಲ್ಲಿ ಪಾಲಿಸಿ ಸಾಮಾನ್ಯವಾಗಿ ಆಚರಣೆಯ ಹಿಂದೆ ನಡೆಯುತ್ತೆ. ಬಹುಪಾಲು ಜನ ಮಾಡಿ ತೋರಿಸಿದ ಮೇಲೆ ಅದನ್ನ ಬರೆದಿಡ್ತಾರೆ.

ಯುವತಿ: ಹಾಗೆ ಬರೆದಿಟ್ಟಿದ್ದರ ಗಾತ್ರ ನೋಡಿದ್ದೀರಾ? ಹೊಸಬರು ಬರಲಿ ಅಂತೀರಿ. 2023ರಲ್ಲಿ ಕೊಚ್ಚಿಯಲ್ಲಿ ಡೆಬಿಯನ್ ಸಮ್ಮೇಳನ ಡೆಬ್‌ಕಾನ್ಫ್ ಆಯ್ತು, ಭಾರತದಲ್ಲಿ ಮೊದಲ ಸಲ. ಅಲ್ಲಿಂದ ಉತ್ಸಾಹ ತುಂಬಿಕೊಂಡು ಬಂದ ನನ್ನ ಗೆಳತಿ ಒಂದು ಪ್ಯಾಕೇಜು ಮಾಡೋಕೆ ಕೂತಳು. ಕೈಪಿಡಿ ಓದಬೇಕು, ಲಿಂಟಿಯನ್ ಬೈಗುಳ ತಿನ್ನಬೇಕು, ಪ್ರತಿ ಫೈಲಿನ ಹಕ್ಕುಸ್ವಾಮ್ಯ ಬರೆದು ಕೊಡಬೇಕು, ಆಮೇಲೆ ಹೊಸ ಪ್ಯಾಕೇಜುಗಳ ಸರದಿಯಲ್ಲಿ ಕಾಯಬೇಕು. ಕಾದು ಕಾದು ಬಿಟ್ಟುಬಿಟ್ಟಳು. ನಿಮ್ಮ ಸಾವಿರ ಜನಕ್ಕೂ ವಯಸ್ಸಾಗ್ತಿದೆ ಸರ್.

ಹಿರಿಯರು: ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸ್ವಲ್ಪ ಭಾರ ಇಳಿದಿದೆ. ಜೋಯಿ ಹೆಸ್ ಬರೆದ ಡೆಬ್‌ಹೆಲ್ಪರ್ ಇದೆ, ಅದರ ‘ಡಿಎಚ್’ ಬಂದ ಮೇಲೆ ಉದ್ದುದ್ದ ಬರೀತಿದ್ದ ರೂಲ್ಸ್ ಫೈಲು ಮೂರು ಸಾಲಿಗೆ ಇಳೀತು. ಪಾಲಿಸಿಯ ಎಷ್ಟೋ ನಿಯಮ ಆ ಸಲಕರಣೆಯೊಳಗೇ ಸೇರಿಹೋಗಿದೆ. ನಿಯಮ ಬದಲಾದರೆ ಸಲಕರಣೆ ತಿದ್ದಿದರೆ ಸಾಕು, ಮುಂದಿನ ಸಲ ಕಟ್ಟಿದಾಗ ಪ್ಯಾಕೇಜು ತಾನಾಗೇ ಸರಿಹೋಗುತ್ತೆ. ಹಕ್ಕುಸ್ವಾಮ್ಯದ ಪರಿಶೀಲನೆ ಮಾತ್ರ ಬೇಕೇ ಬೇಕು. ಯಾರದೋ ಕೆಲಸವನ್ನ ಜಗತ್ತಿಗೆಲ್ಲ ಹಂಚೋವಾಗ ಅವರು ಅನುಮತಿ ಕೊಟ್ಟಿದ್ದಾರಾ ಅಂತ ಒಬ್ಬರಾದರೂ ಓದಿ ನೋಡಬೇಡವಾ?

ಯುವತಿ: ಓದಲಿ. ಆದರೆ ನಿಮ್ಮವರು ಮೂಲ ತತ್ವವನ್ನೇ ಬಗ್ಗಿಸಿದ್ದೂ ಉಂಟಲ್ಲ. 2022ರ ಫರ್ಮ್‌ವೇರ್ ಮತದಾನ.

ಅಲ್ಲಿಯವರೆಗೆ ಡೆಬಿಯನ್ನಿನ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ ಒಂದು ಫೈಲೂ ಇರುತ್ತಿರಲಿಲ್ಲ. ಅದರ ಫಲವಾಗಿ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವೈಫೈ ಏಳುತ್ತಿರಲಿಲ್ಲ. ವೈಫೈ ಇಲ್ಲದೆ, ವೈಫೈಗೆ ಬೇಕಾದ ಫರ್ಮ್‌ವೇರನ್ನು ಇಳಿಸಿಕೊಳ್ಳುವುದಾದರೂ ಹೇಗೆ? ಡೆವಲಪರುಗಳು ಮತ ಹಾಕಿ ಸಾಮಾಜಿಕ ಒಪ್ಪಂದವನ್ನೇ ತಿದ್ದಿದರು. ಡೆಬಿಯನ್ 12ರಿಂದ ಅಂಥ ಫರ್ಮ್‌ವೇರಿಗೆ ಪ್ರತ್ಯೇಕ ವಿಭಾಗ ಮಾಡಿ ಇನ್‌ಸ್ಟಾಲರಿನಲ್ಲೇ ಕೊಡುತ್ತಿದ್ದಾರೆ.

ಹಿರಿಯರು: ನಾನು ಅದರ ವಿರುದ್ಧ ಇದ್ದೆ, ಈಗಲೂ ಮನಸ್ಸು ಒಪ್ಪಿಲ್ಲ. ಆದರೆ ಆಮೇಲೆ ಒಬ್ಬ ಹುಡುಗಿಯ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿಕೊಟ್ಟೆ, ಒಂದೇ ಸಲಕ್ಕೆ ವೈಫೈ ಬಂತು. ಅವಳ ಮುಖ ನೋಡಿ ವಾದ ಮಾಡೋಕೆ ಬಾಯಿ ಬರಲಿಲ್ಲ.

ಯುವತಿ: ಹಾಗಾದರೆ ಮುಂದಿನದ್ದಕ್ಕೂ ಹಾಗೇ ಬಗ್ಗುತ್ತೀರಾ? 2025ರಲ್ಲಿ ಎಐ ಮಾಡೆಲ್‌ಗಳ ಬಗ್ಗೆ ಒಂದು ಪ್ರಸ್ತಾಪ ಬಂತು. ತರಬೇತಿಗೆ ಬಳಸಿದ ದತ್ತಾಂಶವನ್ನೂ ಮುಕ್ತವಾಗಿ ಕೊಡದಿದ್ದರೆ ಆ ಮಾಡೆಲ್ ಮುಕ್ತ ಅಲ್ಲ, ‘ಮೇನ್’ ವಿಭಾಗಕ್ಕೆ ಬರಕೂಡದು ಅಂತ. ಮತಕ್ಕೆ ಹೋಗೋ ಮುಂಚೆ ಹಿಂದಕ್ಕೆ ತಗೊಂಡರು.

ಹಿರಿಯರು: ಪ್ರಸ್ತಾಪದ ತಿರುಳು ಸರಿಯಾಗೇ ಇದೆ. ಸೋರ್ಸ್ ಅಂದರೆ ತಿದ್ದೋಕೆ, ಮತ್ತೆ ಕಟ್ಟೋಕೆ ಬೇಕಾದದ್ದು. ಬರೀ ಸಂಖ್ಯೆಗಳ ಒಂದು ದೊಡ್ಡ ಫೈಲು ಕೊಟ್ಟು ಇದೇ ಸೋರ್ಸ್ ಅಂದರೆ ನಾನು ಹೇಗೆ ಒಪ್ಪಲಿ?

ಯುವತಿ: ಟೆಸರಾಕ್ಟ್ ಬಳಸಿದ್ದೀರಲ್ಲ, ಮುದ್ರಿತ ಪುಟದ ಚಿತ್ರದಿಂದ ಅಕ್ಷರ ಓದೋದು? ಅದರ ಕನ್ನಡದ ದತ್ತಾಂಶ ಡೆಬಿಯನ್ನಿನಲ್ಲಿ ಪ್ಯಾಕೇಜಾಗಿ ಇದೆ. ಯಾವ ವಿಭಾಗದಲ್ಲಿ?

ಹಿರಿಯರು: ಮೇನ್‌ನಲ್ಲಿ.

ಯುವತಿ: ಅದೂ ತರಬೇತಿಯಿಂದ ಬಂದ ಸಂಖ್ಯೆಗಳ ಫೈಲೇ. ಕಲಿಸೋಕೆ ಬಳಸಿದ ಪಠ್ಯ, ಫಾಂಟು ಎಲ್ಲ ಆ ಪ್ಯಾಕೇಜಿನಲ್ಲಿ ಇಲ್ಲ. ನಿಮ್ಮ ನಿಯಮದ ಪ್ರಕಾರ ಅದು ಹೊರಗೆ ಹೋಗಬೇಕು. ಹಳೇ ಕನ್ನಡ ಪುಸ್ತಕ ಗಣಕಕ್ಕೆ ಏರಿಸೋರು ಅದನ್ನೇ ನೆಚ್ಚಿಕೊಂಡಿದ್ದಾರೆ. ಹೊರಗೆ ಹಾಕ್ತೀರಾ?

ಹಿರಿಯರು: ಬೇರೆ ವಿಭಾಗಕ್ಕೆ ಹೋಗಬಹುದು. ಪೂರ್ತಿ ಇಲ್ಲದಂತೇನೂ ಆಗಲ್ಲ.

ಯುವತಿ: ಆ ವಿಭಾಗ ತಾನಾಗೇ ಸೇರಿಕೊಂಡಿರಲ್ಲ. ಹುಡುಕಿ ಸೇರಿಸಿಕೊಳ್ಳೋಕೆ ಬರದ ಲೈಬ್ರರಿಯವರು, ಮೇಷ್ಟ್ರು ಏನು ಮಾಡಬೇಕು?

ಹಿರಿಯರು: ನಾವೇ ಮುಕ್ತ ಪಠ್ಯ, ಮುಕ್ತ ಫಾಂಟು ಇಟ್ಟುಕೊಂಡು ಹೊಸದಾಗಿ ಕಲಿಸಬಹುದು. ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ ಎಲ್ಲ ಇವೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳೂ ಬೇಕಾದಷ್ಟಿವೆ.

ಯುವತಿ: ಹಳೇ ಅಚ್ಚಿನ ಮೊಳೆಗಳು ಈ ಫಾಂಟುಗಳ ಹಾಗೆ ಇರಲ್ಲ ಸರ್, ಫಲಿತಾಂಶ ಈಗಿರೋದಕ್ಕಿಂತ ಕೆಟ್ಟದಾಗಬಹುದು. ಕೆಟ್ಟದಾದರೂ ಅದನ್ನೇ ಮೇನ್‌ನಲ್ಲಿ ಇಡ್ತೀರಾ?

ಹಿರಿಯರು: ಎಷ್ಟು ಕೆಟ್ಟದು ಅಂತ ಮೊದಲು ನೋಡೋಣ. ಪರೀಕ್ಷೆಗೆ ಪುಟಗಳನ್ನ ನೀನು ಆರಿಸು, ಕಲಿಸೋಕೆ ಪಠ್ಯ ನಾನು ಹುಡುಕ್ತೀನಿ.

ಯುವತಿ: ಆರಿಸ್ತೀನಿ. ಆದರೆ ಅದು ಮುಗಿಯೋವರೆಗೂ ಈಗಿರೋದನ್ನ ಯಾರೂ ಮುಟ್ಟಕೂಡದು ಅಂತ ನೀವು ಬರೆದು ಹೇಳಬೇಕು.

ಹಿರಿಯರು: ಅದನ್ನ ನಾನೊಬ್ಬ ಹೇಳೋಕಾಗಲ್ಲ ಕಣಮ್ಮ. ಪ್ರಸ್ತಾಪ ಮತ್ತೆ ಬಂದರೆ ನನ್ನ ಮತ ಅದರ ಪರ ಹೋದರೂ ಹೋದೀತು.